ಕೆಂಪು ತ್ರಿಕೋನ ಹೊತ್ತಿಕೊಂಡಾಗ: ಹಳೇ ಪ್ರಿಯಸ್ ಇಟ್ಟುಕೊಳ್ಳುವುದೋ, ಬಿಡುವುದೋ

ಆಗಸ್ಟ್ ತಿಂಗಳು, ಮಧ್ಯಾಹ್ನ ಎರಡು ಗಂಟೆ. ಲಾಸ್ ಏಂಜಲೀಸ್‌ನ ನೆಂಟರ ಮನೆಯಿಂದ ಫ್ರಿಮಾಂಟ್‌ಗೆ ವಾಪಸ್ ಹೊರಟಿದ್ದೆವು. ಐ-5 ಹೆದ್ದಾರಿಯಲ್ಲಿ ಕಸ್ಟೇಕ್ ದಾಟಿದ ಮೇಲೆ ಟೆಹೋನ್ ಪಾಸ್‌ವರೆಗೆ ಏರೋ ಏರು. ನಮ್ಮ ಶಿರಾಡಿಯ ತಿರುವುಗಳಿಲ್ಲ, ಆದರೆ ಮುಗಿಯುವುದೇ ಇಲ್ಲ. ಕಾರಿನ ತುಂಬ ಜನ, ಜನರ ಮೇಲೆ ಸಾಮಾನು. ಹಿಂದಿನ ಸೀಟಿನ ಬಲಮೂಲೆಯಿಂದ ಹೇರ್ ಡ್ರೈಯರ್ ಹಾಕಿದ ಹಾಗೆ ಸದ್ದು ಶುರುವಾಯಿತು. ಹತ್ತು ನಿಮಿಷದಲ್ಲಿ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ತ್ರಿಕೋನ.

ಊರು ಸೇರಿದೆವು, ಅದು ಬೇರೆ ಮಾತು. ಮರುದಿನ ಒಂದು ಗ್ಯಾರೇಜಿಗೆ ಹೋದೆ. ಅಲ್ಲಿದ್ದವರು ಸ್ಕ್ಯಾನರ್ ಹಾಕಿದರು, ಹತ್ತು ನಿಮಿಷ ನೋಡಿದರು. "ಹೈಬ್ರಿಡ್ ಬ್ಯಾಟರಿ ಹೋಗಿದೆ. 4,000 ಡಾಲರ್. ಕಾರಿನ ಬೆಲೆಯೇ ಅಷ್ಟಿಲ್ಲ, ಮಾರಿಬಿಡಿ" ಅಂದರು. ನನ್ನದು 2010ರ ಮಾಡೆಲ್ ಟೊಯೋಟ ಪ್ರಿಯಸ್, ಪೆಟ್ರೋಲ್ ಎಂಜಿನ್ ಜೊತೆ ವಿದ್ಯುತ್ ಮೋಟಾರೂ ಇರುವ ಹೈಬ್ರಿಡ್. 1,68,000 ಮೈಲಿ, ಅಂದರೆ 2.7 ಲಕ್ಷ ಕಿಲೋಮೀಟರ್ ಓಡಿದ ಗಾಡಿ. ನಂಬುವಂತೆಯೇ ಇತ್ತು. ನಾನೂ ಅರ್ಧ ನಂಬಿದೆ.

ಬ್ಯಾಟರಿ ಹೋಗಿರಲಿಲ್ಲ. ಹಿಂದಿನ ಸೀಟಿನ ಬಲಪಕ್ಕದಲ್ಲಿ ಒಂದು ಜಾಲರಿ ಇದೆ. ಬ್ಯಾಟರಿ ಉಸಿರಾಡುವುದು ಅಲ್ಲಿಂದ. ಅದರ ಮೇಲೆ ನಾನೇ ದಪ್ಪ ರಜಾಯಿ ಮಡಿಸಿಟ್ಟು, ಅದಕ್ಕೆ ಐಸ್ ಡಬ್ಬ ಒತ್ತಿಟ್ಟಿದ್ದೆ! ಒಳಗೆ ಫ್ಯಾನಿನ ರೆಕ್ಕೆಗಳಿಗೆ ನಾಯಿಕೂದಲು ಕಂಬಳಿಯ ಹಾಗೆ ಸುತ್ತಿಕೊಂಡಿತ್ತು. ನಮ್ಮ ಮನೆಯಲ್ಲಿ ನಾಯಿ ಇಲ್ಲ. ಕಾರಿನ ಹಿಂದಿನ ಮಾಲೀಕರು ಸಾಕಿದ್ದರು. ನಾನು ಆರು ವರ್ಷ ಅದನ್ನು ಬಿಚ್ಚಿ ನೋಡಿರಲಿಲ್ಲ.

ಆ ದಿನದಿಂದ ನನಗೆ ಅನ್ನಿಸಿದ್ದು ಇಷ್ಟು. ಹಳೇ ಹೈಬ್ರಿಡ್ ಇಟ್ಟುಕೊಳ್ಳಬೇಕಾ ಬಿಡಬೇಕಾ ಎಂದು ಕೇಳುವ ಮೊದಲು ಅದಕ್ಕೆ ಏನಾಗಿದೆ ಎಂದು ಗೊತ್ತಾಗಬೇಕು. ಎಲ್ಲರೂ ಹೆದರುವುದು ಬ್ಯಾಟರಿಗೆ. ಈ ಕಾರನ್ನು ನಿಜವಾಗಿ ಗುಜರಿಗೆ ಕಳಿಸುವುದು ಬೇರೆಯದೇ.

ಇಲ್ಲಿ ಬರೆದಿರುವುದು ಮೂರನೇ ತಲೆಮಾರಿನ ಪ್ರಿಯಸ್ ಬಗ್ಗೆ, ಅಂದರೆ 2010ರಿಂದ 2015ರ ಮಾಡೆಲ್‌ಗಳು, 1.8 ಲೀಟರ್ ಎಂಜಿನ್ ಇರುವವು. ಅಮೆರಿಕದಲ್ಲಿರುವ ನಮ್ಮವರು ಮೊದಲ ಕಾರು ಎಂದು ಕೊಳ್ಳುವ ಹಳೇ ಗಾಡಿಗಳಲ್ಲಿ ಇದು ಸಾಮಾನ್ಯ. ಊರಲ್ಲಿ, 2013ರಿಂದ ಬಿಡದಿಯಲ್ಲಿ ಜೋಡಿಸಿದ ಹಳೇ ಕ್ಯಾಮ್ರಿ ಹೈಬ್ರಿಡ್ ಇಟ್ಟುಕೊಂಡವರಿಗೆ ಬ್ಯಾಟರಿಯ ಭಾಗ ಬಹುಮಟ್ಟಿಗೆ ಹೊಂದುತ್ತದೆ. ಎಂಜಿನ್ ಭಾಗ ಹೊಂದುವುದಿಲ್ಲ. ಅದರದು 2.5 ಲೀಟರಿನ ಬೇರೆ ಎಂಜಿನ್.

ಮೊದಲು ಚಿಕ್ಕ ಬ್ಯಾಟರಿ

ಈ ಕಾರಿಗೆ ಎರಡು ಬ್ಯಾಟರಿ. ಹಿಂದಿನ ಸೀಟಿನ ಬೆನ್ನಿಗೆ 201.6 ವೋಲ್ಟಿನ ದೊಡ್ಡದು. ಡಿಕ್ಕಿಯ ಬಲಮೂಲೆಯಲ್ಲಿ 12 ವೋಲ್ಟಿನ ಚಿಕ್ಕದು. ಕಾರಿನ ಕಂಪ್ಯೂಟರ್‌ಗಳನ್ನು ಎಬ್ಬಿಸುವುದು ಚಿಕ್ಕದರ ಕೆಲಸ. ಅದು ಸೊರಗಿದರೆ ಕಂಪ್ಯೂಟರ್‌ಗಳಿಗೆ ಅರೆಬರೆ ಎಚ್ಚರ. ಆಗ ಅವು ಏನೇನೋ ದೀಪ ಹೊತ್ತಿಸುತ್ತವೆ. ಬ್ರೇಕ್, ಎಬಿಎಸ್, ಕೆಂಪು ತ್ರಿಕೋನ, ಎಲ್ಲಾ ಒಟ್ಟಿಗೆ. ನೋಡಿದವರಿಗೆ ಕಾರು ಸತ್ತೇಹೋಯಿತು ಅನ್ನಿಸುತ್ತದೆ.

ಹಾಗಾಗಿ ಒಂದೇ ಸಲ ಮೂರ್ನಾಲ್ಕು ದೀಪ ಹೊತ್ತಿದರೆ, ಅಥವಾ ಗುಂಡಿ ಒತ್ತಿದರೂ ಹಸಿರು ರೆಡಿ ದೀಪ ಬರದಿದ್ದರೆ ಮೊದಲು ಮಲ್ಟಿಮೀಟರ್ ಹಿಡಿಯಿರಿ. ರಾತ್ರಿಯಿಡೀ ನಿಂತ ಕಾರಿನಲ್ಲಿ 12.5 ವೋಲ್ಟಿಗಿಂತ ಮೇಲಿದ್ದರೆ ಚೆನ್ನಾಗಿದೆ. 12ಕ್ಕಿಂತ ಕೆಳಗಿದ್ದರೆ ಅನುಮಾನ. ರೆಡಿ ಆದ ಮೇಲೆ ಸುಮಾರು 14 ಬರಬೇಕು. ರೆಡಿಯಲ್ಲಿ 14 ಬಂದು, ಮಾರನೇ ಬೆಳಗ್ಗೆ ಮತ್ತೆ 11ರ ಸುತ್ತ ಇಳಿದಿದ್ದರೆ ಚಿಕ್ಕ ಬ್ಯಾಟರಿಯ ಆಯಸ್ಸು ಮುಗಿದಿದೆ. 200ರಿಂದ 300 ಡಾಲರಿನ ವಿಷಯ. ಗಾಳಿನಳಿಗೆ ಇರುವ, ಆಮ್ಲ ಚೆಲ್ಲದ ಎಜಿಎಂ ಮಾದರಿಯದನ್ನೇ ಹಾಕಿ. ಅದು ಕೂರುವುದು ಕಾರಿನ ಒಳಗೆ, ಹುಡ್ ಕೆಳಗಲ್ಲ.

ಪೂರ್ತಿ ಸತ್ತಿದ್ದರೆ ಹಿಂಬಾಗಿಲೂ ತೆರೆಯುವುದಿಲ್ಲ. ಗಾಬರಿ ಬೇಡ. ರಿಮೋಟಿನೊಳಗೆ ಅಡಗಿರುವ ಲೋಹದ ಕೀಲಿಯಿಂದ ಚಾಲಕನ ಬಾಗಿಲು ತೆರೆಯಿರಿ. ಜಂಪ್ ಕೊಡಲು ಹುಡ್ ಕೆಳಗಿನ ಫ್ಯೂಸ್ ಡಬ್ಬದಲ್ಲಿ ಒಂದು ಧನ ತುದಿ ಕೊಟ್ಟಿದ್ದಾರೆ. ಒಂದೇ ಎಚ್ಚರ, ಧನ ಋಣ ಅದಲುಬದಲಾದರೆ 250 ಡಾಲರಿನ ರೋಗ 2,500 ಡಾಲರಿನದಾಗುತ್ತದೆ.

ಕೋಡ್ ಏನು ಅಂತ ಕೇಳಿ

"ಹೈಬ್ರಿಡ್ ಸಿಸ್ಟಂ ದೋಷ" ಎಂದು ಪರದೆ ಹೇಳುವುದು ರೋಗಿಗೆ ಹುಷಾರಿಲ್ಲ ಎಂದು ಹೇಳಿದ ಹಾಗೆ. ಒಳಗೆ ಕೋಡ್ ಇರುತ್ತದೆ. 30 ಡಾಲರಿನ ಬ್ಲೂಟೂತ್ ಒಬಿಡಿ ಸಾಧನ ಮತ್ತು ಫೋನಿನಲ್ಲಿ ಡಾಕ್ಟರ್ ಪ್ರಿಯಸ್ ಥರದ ಆ್ಯಪ್ ಇದ್ದರೆ ಮನೆಯಲ್ಲೇ ಓದಬಹುದು. ಗ್ಯಾರೇಜಿಗೇ ಹೋದರೂ ಕೋಡನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಬರೆದುಕೊಡಲು ಹಿಂದೆಮುಂದೆ ನೋಡುವ ಜಾಗದಲ್ಲಿ ರಿಪೇರಿ ಮಾಡಿಸಬೇಡಿ.

ಪಿ0ಎ80 ಅಂದರೆ ದೊಡ್ಡ ಬ್ಯಾಟರಿಯ ಬ್ಲಾಕುಗಳ ನಡುವೆ ವೋಲ್ಟೇಜ್ ವ್ಯತ್ಯಾಸ ಮಿತಿ ಮೀರಿದೆ ಎಂದು. ಪಿ0401 ಅಂದರೆ ಇಜಿಆರ್ ದಾರಿ, ಸುಟ್ಟ ಹೊಗೆಯನ್ನು ಮತ್ತೆ ಎಂಜಿನ್ನಿಗೆ ಕಳಿಸುವ ದಾರಿ, ಕಟ್ಟಿದೆ. ಪಿ0300ರಿಂದ ಪಿ0304ರವರೆಗೆ ಎಂಜಿನ್ ಮಿಸ್‌ಫೈರ್, ಸಿಲಿಂಡರ್ ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ. ಸಿ1391 ಅಂದರೆ ಬ್ರೇಕಿನ ಒತ್ತಡ ಸೋರಿಕೆ. ಪಿ0ಎ93 ಅಂದರೆ ಬ್ಯಾಟರಿಯ ವಿದ್ಯುತ್ತನ್ನು ಮೋಟಾರಿಗೆ ಹೊಂದಿಸಿಕೊಡುವ ಇನ್ವರ್ಟರ್ ತಂಪಾಗುತ್ತಿಲ್ಲ, ಹೆಚ್ಚಿನ ಸಲ ಅದರ ಪುಟ್ಟ ನೀರಿನ ಪಂಪ್ ನಿಂತಿರುತ್ತದೆ.

ನನ್ನ ಕಾರಿನಲ್ಲಿ ಬಂದದ್ದು ಪಿ0ಎ80 ಅಲ್ಲವೇ ಅಲ್ಲ. ಬ್ಯಾಟರಿಯ ಫ್ಯಾನಿನ ಕೋಡ್. ಸ್ಕ್ಯಾನರಿನಲ್ಲಿ ಬ್ಯಾಟರಿ ಎಂಬ ಪದ ಕಂಡಿತು, ಬ್ಯಾಟರಿ ಬದಲಿಸಿ ಅಂದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ.

ಕೆಲವು ಸದ್ದುಗಳು ರೋಗವೇ ಅಲ್ಲ, ಅದನ್ನೂ ಹೇಳಿಬಿಡುತ್ತೇನೆ. ಉದ್ದದ ಇಳಿಜಾರಿನಲ್ಲಿ ಬ್ಯಾಟರಿ ತುಂಬಿದ ಮೇಲೆ ಎಂಜಿನ್ ಇದ್ದಕ್ಕಿದ್ದಂತೆ ಗುರ್ ಎನ್ನುತ್ತದೆ. ಹೆಚ್ಚಿದ ಶಕ್ತಿ ಹೋಗಲು ಜಾಗವಿಲ್ಲ, ಹಾಗಾಗಿ ಮೋಟಾರು ಎಂಜಿನ್ನನ್ನು ಸುಮ್ನೆ ತಿರುಗಿಸುತ್ತದೆ, ಅಷ್ಟೆ. ಚಾಲಕನ ಬಾಗಿಲು ತೆರೆದಾಗ ಕೆಲವು ಸೆಕೆಂಡು ಗುಂಯ್ ಎನ್ನುವುದು ಬ್ರೇಕ್ ಪಂಪ್. ಚಳಿಯ ಬೆಳಗ್ಗೆ ಹೊರಟ ಕೂಡಲೇ ಎಂಜಿನ್ ಓಡುವುದೂ ಸಹಜ.

ದೊಡ್ಡ ಬ್ಯಾಟರಿ

ಇದು ಒಂದೇ ಬ್ಯಾಟರಿ ಅಲ್ಲ. ಒಳಗೆ 28 ಮಾಡ್ಯೂಲ್. ಒಂದೊಂದರಲ್ಲಿ 1.2 ವೋಲ್ಟಿನ ಆರು ಕೋಶ, ಸೇರಿ 7.2. ನಿಕಲ್ ಮೆಟಲ್ ಹೈಡ್ರೈಡ್ ಜಾತಿ. ಕಂಪ್ಯೂಟರ್ ಎರಡೆರಡು ಮಾಡ್ಯೂಲ್ ಸೇರಿಸಿ 14 ಬ್ಲಾಕ್ ಎಂದು ಲೆಕ್ಕ ಹಿಡಿದು ನೋಡುತ್ತದೆ. ಕ್ಯಾಮ್ರಿ ಹೈಬ್ರಿಡ್‌ನಲ್ಲಿ 34 ಮಾಡ್ಯೂಲ್, ಉಳಿದ ಕಥೆ ಒಂದೇ.

ಸಾಲಾಗಿ ಕೂತ ಮಾಡ್ಯೂಲ್‌ಗಳಲ್ಲಿ ನಡುವಿನವು ಜಾಸ್ತಿ ಬಿಸಿಯಾಗುತ್ತವೆ. ತುಂಬಿದ ಬಸ್ಸಿನಲ್ಲಿ ನಡುವಿನ ಸೀಟಿಗೆ ಸಿಕ್ಕವರ ಪಾಡು. ಅವೇ ಮೊದಲು ಸೋಲುತ್ತವೆ. ಈ ಬ್ಯಾಟರಿಗೆ ವಯಸ್ಸಿಗಿಂತ ಬಿಸಿ ದೊಡ್ಡ ಶತ್ರು. ಆದ್ದರಿಂದಲೇ ಆ ಜಾಲರಿ, ಆ ಫ್ಯಾನು ಮುಖ್ಯ. ಬ್ಯಾಟರಿ ಎಳೆದುಕೊಳ್ಳುವುದು ನೀವು ಕೂತಿರುವ ಜಾಗದ ಗಾಳಿಯನ್ನೇ. ಬಿಸಿಲಲ್ಲಿ ಎಸಿ ಹಾಕಿದರೆ ಅದಕ್ಕೂ ತಂಪು. ಎಸಿ ಆರಿಸಿ ಪೆಟ್ರೋಲ್ ಉಳಿಸುವ ಜಿಪುಣತನ ಇಲ್ಲಿ ದುಬಾರಿ.

ಪರೀಕ್ಷೆ ಹೀಗೆ. ಆ್ಯಪ್‌ನಲ್ಲಿ 14 ಬ್ಲಾಕುಗಳ ವೋಲ್ಟೇಜ್ ತೆರೆಯಿರಿ. ಕಾರು ನಿಂತಿದ್ದಾಗ ಎಲ್ಲವೂ ಹೆಚ್ಚುಕಡಿಮೆ ಒಂದೇ ಇರಬೇಕು, 0.1, 0.2 ವೋಲ್ಟ್ ಆಚೀಚೆ. ನಿಂತಾಗ ಚೆನ್ನಾಗಿದ್ದರೆ ಸಾಲದು. ಪಕ್ಕದಲ್ಲಿ ಇನ್ನೊಬ್ಬರನ್ನು ಕೂರಿಸಿ ಫೋನ್ ಅವರ ಕೈಗೆ ಕೊಟ್ಟು, ಹೆದ್ದಾರಿಯ ರ‍್ಯಾಂಪ್ ಏರುವಾಗ ಪೆಡಲ್ ಜೋರಾಗಿ ಒತ್ತಿ. ಆರೋಗ್ಯವಿರುವ ಬ್ಲಾಕುಗಳು ಎಲ್ಲವೂ ಒಟ್ಟಿಗೆ ಇಳಿದು ಒಟ್ಟಿಗೆ ಏರುತ್ತವೆ. ಒಂದು ಮಾತ್ರ ಉಳಿದವಕ್ಕಿಂತ ಒಂದು ವೋಲ್ಟ್ ಅಥವಾ ಹೆಚ್ಚು ಕುಸಿದರೆ, ಮತ್ತೆ ಬ್ರೇಕ್ ಹಿಡಿದಾಗ ಅದೇ ಎಲ್ಲಕ್ಕಿಂತ ಮೇಲೆ ಹಾರಿದರೆ, ಅದು ಸೋತಿದೆ. ಇದರ ಜೊತೆ ಇನ್ನೊಂದು ಲಕ್ಷಣ. ಪರದೆಯ ಬ್ಯಾಟರಿ ಗೆರೆಗಳು ಎರಡು ಮೂರು ನಿಮಿಷದಲ್ಲಿ ತುಂಬಿ ಅಷ್ಟೇ ಬೇಗ ಖಾಲಿಯಾಗುತ್ತವೆ. ಕೊಡದ ತಳದಲ್ಲಿ ಕಲ್ಲು ತುಂಬಿದರೆ ನೀರು ಬೇಗ ತುಂಬುತ್ತದೆ, ಬೇಗ ಮುಗಿಯುತ್ತದೆ. ಹಾಗೆ.

ಫ್ಯಾನ್ ತೆಗೆದು ಕೂದಲು ಬಿಡಿಸಿ ಮರುಜೋಡಿಸಿದ ಮೇಲೆ ನನ್ನ ಕಾರಿನಲ್ಲಿ ನಿಂತಾಗ 0.15, ಏರಿನಲ್ಲಿ 0.4 ವೋಲ್ಟ್ ವ್ಯತ್ಯಾಸ ಬಂತು. ಹದಿಹರೆಯವಲ್ಲ, ಆದರೆ ಹಾಸಿಗೆ ಹಿಡಿದೂ ಇಲ್ಲ.

ಸೋತ ಮಾಡ್ಯೂಲ್ ಒಂದನ್ನೇ ಬದಲಿಸುತ್ತೇವೆ, 500 ಡಾಲರ್ ಸಾಕು ಎನ್ನುವವರು ಸಿಗುತ್ತಾರೆ. ನನ್ನ ಮಾತು ಕೇಳಿ, ಬೇಡ. ಉಳಿದ 27ಕ್ಕೂ ಅಷ್ಟೇ ವಯಸ್ಸು. ಆರು ತಿಂಗಳಿಗೆ ಪಕ್ಕದ್ದು ಬೀಳುತ್ತದೆ. ಹಳೇ ಮಾಡ್ಯೂಲ್‌ಗಳನ್ನು ಆಯ್ದು ಜೋಡಿಸಿದ ಬ್ಯಾಟರಿ 1,000ದಿಂದ 1,800 ಡಾಲರಿಗೆ ಸಿಗುತ್ತದೆ. ಒಂದೆರಡು ವರ್ಷದಲ್ಲಿ ಕಾರು ಬಿಡುವ ಯೋಚನೆ ಇದ್ದವರಿಗೆ ಅದು ಸರಿ. ಇನ್ನೂ ಐದು ವರ್ಷ ಓಡಿಸುವವರು ಹೊಸ ಕೋಶಗಳ ಬ್ಯಾಟರಿಯನ್ನೇ ಹಾಕಿಸಬೇಕು. ಊರು, ಅಂಗಡಿ ನೋಡಿ ಸುಮಾರು 2,500ರಿಂದ 4,500 ಡಾಲರ್. ಹಣ ದೊಡ್ಡದೇ. ಆದರೆ ಇದು ಗೊತ್ತಿರುವ ಖರ್ಚು, ಒಂದೇ ಸಲದ ಖರ್ಚು.

ಕಿತ್ತಳೆ ಬಣ್ಣದ ಕೇಬಲ್ ಕಂಡಲ್ಲಿ ಕೈ ಹಾಕಬೇಡಿ. ಬ್ಯಾಟರಿಯ ಪೆಟ್ಟಿಗೆ ತೆರೆಯುವ ಮೊದಲು ಅದರ ಸಂಪರ್ಕ ಕಡಿಯುವ ಸರ್ವಿಸ್ ಪ್ಲಗ್ ಕಿತ್ತು ಕನಿಷ್ಠ 10 ನಿಮಿಷ ಕಾಯಬೇಕು, ವಿದ್ಯುತ್ ನಿರೋಧಕ ಕೈಗವಸು ಬೇಕು. ಇದನ್ನು ಓದಿ ಎದೆ ಸ್ವಲ್ಪವಾದರೂ ಝಲ್ ಅಂದರೆ ಆ ಕೆಲಸ ಬೇರೆಯವರಿಗೆ ಬಿಡಿ. ಫ್ಯಾನ್ ತೆಗೆಯುವುದಕ್ಕೂ ನಾನು ಗೊತ್ತಿರುವ ಗೆಳೆಯನನ್ನು ಕರೆಸಿಕೊಂಡೇ ಮಾಡಿದ್ದು. ಜಾಲರಿಯ ಧೂಳನ್ನು ವ್ಯಾಕ್ಯೂಮ್‌ನಿಂದ ಎಳೆಯುವುದು ಮಾತ್ರ ಯಾರಾದರೂ ಮಾಡಬಹುದು. ಕೆಲವು ವರ್ಷದ ಮಾಡೆಲ್‌ಗೆ ಅಲ್ಲಿ ತೆಗೆದು ತೊಳೆಯುವ ಫಿಲ್ಟರ್ ಇರುತ್ತದೆ, ಕೆಲವಕ್ಕೆ ಬರೀ ಜಾಲರಿ.

ನಿಜವಾಗಿ ಹೆದರಬೇಕಾದದ್ದು: ಹೆಡ್ ಗ್ಯಾಸ್ಕೆಟ್

ಬೆಳಗ್ಗೆ ರೆಡಿ ಒತ್ತುತ್ತೀರಿ. ಎಂಜಿನ್ ಶುರುವಾದ ಕೂಡಲೇ ಕಾರು ಗಡಗಡ ನಡುಗುತ್ತದೆ. ಡಬ್ಬಿಯಲ್ಲಿ ಕಲ್ಲು ಹಾಕಿ ಕುಲುಕಿದ ಹಾಗೆ. ಐದು ಹತ್ತು ಸೆಕೆಂಡಿನಲ್ಲಿ ನಿಂತುಹೋಗುತ್ತದೆ. ಆಮೇಲೆ ಇಡೀ ದಿನ ಏನೂ ಇಲ್ಲ. ಹೆಚ್ಚಿನವರು ಚಳಿ ಇರಬೇಕು ಎಂದು ಸುಮ್ಮನಾಗುತ್ತಾರೆ. ಗ್ಯಾರೇಜಿಗೆ ಹೋದರೆ ಕಾಯಿಲ್, ಪ್ಲಗ್, ಇಂಜೆಕ್ಟರ್ ಒಂದೊಂದಾಗಿ ಬದಲಾಗುತ್ತವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಈ ತಲೆಮಾರಿನ ಎಂಜಿನ್ನಿನಲ್ಲಿ ಈ ನಡುಕದ ಹಿಂದೆ ಹೆಚ್ಚಾಗಿ ಇರುವುದು ಕೂಲೆಂಟ್, ಅಂದರೆ ಎಂಜಿನ್ ತಂಪು ಮಾಡುವ ದ್ರವದ ಸೋರಿಕೆ. ಕಾರು ನಿಲ್ಲಿಸಿದ ಮೇಲೂ ಕೂಲೆಂಟ್ ದಾರಿಯಲ್ಲಿ ಒತ್ತಡ ಉಳಿದಿರುತ್ತದೆ. ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವೆ ಸೀಲಿನ ಹಾಗೆ ಕೂರುವ ಗ್ಯಾಸ್ಕೆಟ್ ಎಲ್ಲೋ ಕೂದಲೆಳೆಯಷ್ಟು ಬಿಟ್ಟಿದ್ದರೆ ರಾತ್ರಿಯಿಡೀ ಸಿಲಿಂಡರಿನೊಳಗೆ ತೊಟ್ಟಿಕ್ಕುತ್ತದೆ. ಬೆಳಗ್ಗೆ ಆ ಸಿಲಿಂಡರ್ ಹೊತ್ತಿಕೊಳ್ಳುವುದಿಲ್ಲ. ನೀರು ಆವಿಯಾಗಿ ಹೋದ ಮೇಲೆ ಸರಿಹೋಗುತ್ತದೆ.

ಗ್ಯಾಸ್ಕೆಟ್ ಯಾಕೆ ಬಿಡುತ್ತದೆ? ಪಳಗಿದ ಮೆಕ್ಯಾನಿಕ್‌ಗಳು ಬೊಟ್ಟು ಮಾಡುವುದು ಇಜಿಆರ್ ಕಡೆಗೆ. ಸುಟ್ಟ ಹೊಗೆಯ ಸ್ವಲ್ಪ ಪಾಲನ್ನು ತಂಪು ಮಾಡಿ ಮತ್ತೆ ಸಿಲಿಂಡರಿಗೆ ಕಳಿಸುವ ವ್ಯವಸ್ಥೆ ಅದು. ಪ್ರಿಯಸ್‌ಗೆ ಬಂದದ್ದು ಮೂರನೇ ತಲೆಮಾರಿನಲ್ಲೇ. ಆ ಹೊಗೆ ಉರಿಯ ಬಿಸಿಯನ್ನು ತಗ್ಗಿಸುತ್ತದೆ. ಲಕ್ಷ ಮೈಲಿ ಹೊತ್ತಿಗೆ ಕೂಲರಿನ ಒಳಗೆ ಮಸಿ ಕಟ್ಟಿ ಕಾಫಿ ಗಸಟದ ಹಾಗೆ ಗಟ್ಟಿಯಾಗುತ್ತದೆ. ಹೊಗೆ ಹೋಗುವುದಿಲ್ಲ, ಸಿಲಿಂಡರ್ ಬಿಸಿ ಏರುತ್ತದೆ, ಪೆಟ್ಟು ಗ್ಯಾಸ್ಕೆಟ್‌ಗೆ. ಮೊದಮೊದಲ ವರ್ಷಗಳ ಎಂಜಿನ್‌ಗಳು ವಯಸ್ಸಾದಂತೆ ಆಯಿಲ್ ಸುಡುವುದೂ ಉಂಟು, ಅದರಿಂದ ಮಸಿ ಇನ್ನೂ ಬೇಗ ಕಟ್ಟುತ್ತದೆ. ಪಿ0401 ಕೋಡ್ ಬರಲಿ ಎಂದು ಕಾಯುತ್ತಾ ಕೂರಬೇಡಿ. ಅದು ಬರುವ ಹೊತ್ತಿಗೆ ತಡವಾಗಿರುತ್ತದೆ.

ಪತ್ತೆ ಹಚ್ಚುವುದಕ್ಕೆ ಮೊದಲ ಉಪಕರಣ ಒಂದು ಮಾರ್ಕರ್ ಪೆನ್ನು. ಹುಡ್ ಕೆಳಗೆ ಎರಡು ಕೂಲೆಂಟ್ ಟ್ಯಾಂಕ್ ಇವೆ, ಒಂದು ಎಂಜಿನ್ನಿನದು, ಇನ್ನೊಂದು ಇನ್ವರ್ಟರಿನದು. ನೋಡಬೇಕಾದದ್ದು ಎಂಜಿನ್ನಿನದು. ಎಂಜಿನ್ ತಣ್ಣಗಿರುವಾಗ, ಸಮತಟ್ಟಾದ ಒಂದೇ ಜಾಗದಲ್ಲಿ ನಿಲ್ಲಿಸಿ ಗೆರೆ ಎಳೆದು ದಿನಾಂಕ ಬರೆಯಿರಿ. ನಾನು ಭಾನುವಾರ ಬೆಳಗ್ಗೆ ಕಾಫಿ ಲೋಟ ಹಿಡಿದೇ ನೋಡುತ್ತೇನೆ. ತಿಂಗಳಲ್ಲಿ ಬೆರಳಗಲ ಇಳಿದು, ಕೆಳಗೆಲ್ಲೂ ತೊಟ್ಟಿಲ್ಲ, ನೀರಿನ ಪಂಪಿನ ಸುತ್ತ ಗುಲಾಬಿ ಕಲೆ ಇಲ್ಲ ಅಂದರೆ ಕೂಲೆಂಟ್ ಒಳಗೇ ಹೋಗುತ್ತಿದೆ. ಈ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಬಿಸಿ ತೋರಿಸುವ ಮುಳ್ಳಿಲ್ಲ. ಹಾಗಾಗಿ ಈ ಗೆರೆಯೇ ನಿಮ್ಮ ಮುಳ್ಳು.

ಚಳಿಯಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ, ಅಂದರೆ ಎಂಜಿನ್ನಿಗೆ ಗಾಳಿ ಹೋಗುವ ಕೊಳವೆಗಳಲ್ಲಿ, ಸೇರಿದ ತೇವದಿಂದಲೂ ಒಮ್ಮೊಮ್ಮೆ ನಡುಕ ಬರುತ್ತದೆ. ಆಗ ಕೂಲೆಂಟ್ ಇಳಿಯುವುದಿಲ್ಲ. ಎರಡನ್ನೂ ಬೇರೆ ಮಾಡುವುದು ಆ ಗೆರೆಯೇ.

ಅನುಮಾನ ಬಂದರೆ ಗ್ಯಾರೇಜಿನಲ್ಲಿ ಏನು ಕೇಳಬೇಕು ಎನ್ನುವುದು ಮುಖ್ಯ. ಎಲ್ಲರೂ ನೀಲಿ ದ್ರವದ ಪರೀಕ್ಷೆ ಮಾಡುತ್ತಾರೆ. ಸುಟ್ಟ ಅನಿಲ ಕೂಲೆಂಟಿಗೆ ಸೇರಿದ್ದರೆ ಬಣ್ಣ ಹಳದಿಗೆ ತಿರುಗುತ್ತದೆ. ರೋಗ ಶುರುವಿನಲ್ಲಿದ್ದಾಗ ಇದು ಬಹಳ ಸಲ ಏನೂ ತೋರಿಸುವುದಿಲ್ಲ. ಏಕೆಂದರೆ ಆಗ ಕೂಲೆಂಟ್ ಸಿಲಿಂಡರಿಗೆ ಹೋಗುತ್ತಿರುತ್ತದೆ, ಅನಿಲ ಕೂಲೆಂಟಿಗೆ ಬರುತ್ತಿರುವುದಿಲ್ಲ. ಕೇಳಬೇಕಾದದ್ದು ಇದು: ಕಾರನ್ನು ರಾತ್ರಿ ಬಿಟ್ಟುಹೋಗುತ್ತೇನೆ, ಕೂಲಿಂಗ್ ವ್ಯವಸ್ಥೆಗೆ ಒತ್ತಡ ಕೊಟ್ಟಿಡಿ, ಬೆಳಗ್ಗೆ ಎಂಜಿನ್ ಶುರು ಮಾಡುವ ಮೊದಲು ಪ್ಲಗ್ ತೆಗೆದು ಬೋರೋಸ್ಕೋಪ್, ಅಂದರೆ ಸಣ್ಣ ಕೊಳವೆ ಕ್ಯಾಮೆರಾ, ಇಳಿಸಿ. ಮೂರು ಪಿಸ್ಟನ್ ಕಪ್ಪಗಿದ್ದು ಒಂದು ಮಾತ್ರ ಆವಿಯಲ್ಲಿ ತೊಳೆದಂತೆ ಬೆಳ್ಳಗಿದ್ದರೆ, ಅಥವಾ ಮೇಲೆ ಗುಲಾಬಿ ಹನಿ ಕಂಡರೆ, ಇನ್ನು ಅನುಮಾನವಿಲ್ಲ.

ಹಾಗಾದ ಮೇಲೆ ಕಾರನ್ನು ಓಡಿಸುತ್ತಲೇ ಇರಬೇಡಿ. ಮಾಮೂಲಿ ಕಾರಿನ ಸ್ಟಾರ್ಟರ್ ಆದರೆ ನೀರು ತುಂಬಿದ ಸಿಲಿಂಡರಿಗೆ ತಡೆದು ನಿಲ್ಲಬಹುದು. ಇಲ್ಲಿ ಸ್ಟಾರ್ಟರ್ ಇಲ್ಲ, ಎಂಜಿನ್ ತಿರುಗಿಸುವುದು ಹೈಬ್ರಿಡ್ ಮೋಟಾರು. ಅದರ ಬಲ ಜಾಸ್ತಿ. ನೀರು ಕುಗ್ಗುವುದಿಲ್ಲ, ಬಾಗುವುದು ಕನೆಕ್ಟಿಂಗ್ ರಾಡ್. ಅಲ್ಲಿಗೆ ಗ್ಯಾಸ್ಕೆಟ್ ರಿಪೇರಿ ಹೋಗಿ ಎಂಜಿನ್ ಬದಲಾಗುತ್ತದೆ. ಮೊದಲೇ ಹಿಡಿದರೆ 2,000ದಿಂದ 4,000 ಡಾಲರ್, ಹೆಡ್ಡನ್ನು ಮಟ್ಟ ನೋಡಿಸುವುದು ಸೇರಿ. ಎಂಜಿನ್ನೇ ಆದರೆ ಇನ್ನೂ ಮೇಲೆ. ಹಳೇ ಎಂಜಿನ್ ತಂದು ಕೂರಿಸುತ್ತೇವೆ ಅಂದರೆ, ಅದಕ್ಕೂ ಇದೇ ರೋಗದ ಬೀಜ ಇದೆ ಎಂದು ನೆನಪಿರಲಿ. ಕೂರಿಸುವ ಮೊದಲೇ ಹೊಸ ಗ್ಯಾಸ್ಕೆಟ್, ಸ್ವಚ್ಛ ಇಜಿಆರ್ ಹಾಕಿಸಬೇಕು. ಟ್ಯಾಂಕಿಗೆ ಸುರಿಯುವ ಸೋರಿಕೆ ನಿಲ್ಲಿಸುವ ಬಾಟಲಿಗಳನ್ನು ನೋಡಲೂ ಹೋಗಬೇಡಿ.

ಬ್ರೇಕ್ ಮತ್ತು ಉಳಿದದ್ದು

ಬ್ರೇಕ್ ಪ್ಯಾಡ್ ಲಕ್ಷ ಮೈಲಿ ಬರುವುದು ಈ ಕಾರಿನಲ್ಲಿ ಮಾಮೂಲು, ಮೋಟಾರೇ ಅರ್ಧ ಬ್ರೇಕ್ ಹಿಡಿಯುತ್ತದೆ. ದುಬಾರಿ ಇರುವುದು ಒತ್ತಡ ಕೂಡಿಡುವ ಆಕ್ಚುಯೇಟರ್. ಕಾರು ರೆಡಿಯಲ್ಲಿ ನಿಂತಿರಲಿ, ಬ್ರೇಕ್ ಮುಟ್ಟಬೇಡಿ, ಕಿವಿ ಕೊಟ್ಟು ಕೇಳಿ. ಪಂಪ್ ಅರ್ಧ ನಿಮಿಷಕ್ಕೊಮ್ಮೆ ತಾನಾಗಿ ಗುಂಯ್ ಅನ್ನುತ್ತಿದ್ದರೆ ಒಳಗೆ ಒತ್ತಡ ಸೋರುತ್ತಿದೆ. ಸಿ1391 ಇನ್ನೇನು ಬರುತ್ತದೆ. 2,000 ಡಾಲರಿಗೆ ಕಡಿಮೆ ಇಲ್ಲ. ಬ್ರೇಕ್ ವಿಷಯದಲ್ಲಿ ನಾಳೆ ನೋಡೋಣ ಎನ್ನುವ ಮಾತಿಲ್ಲ.

ಇನ್ವರ್ಟರಿಗೆ ಸಂಬಂಧಿಸಿ 2014ರಲ್ಲಿ ಪ್ರಪಂಚದಾದ್ಯಂತ ಸುಮಾರು 19 ಲಕ್ಷ ಪ್ರಿಯಸ್ ಕಾರುಗಳನ್ನು ಸಾಫ್ಟ್‌ವೇರ್ ಬದಲಿಸಲು ವಾಪಸ್ ಕರೆದಿದ್ದರು. 2018ರಲ್ಲಿ ಮತ್ತೊಂದು, 24 ಲಕ್ಷ ಹೈಬ್ರಿಡ್‌ಗಳದ್ದು. ನೀವು ಎರಡನೇ ಮೂರನೇ ಮಾಲೀಕರಾದರೆ ಹಿಂದಿನವರು ಹೋಗಿದ್ದರೋ ಇಲ್ಲವೋ ಗೊತ್ತಿರುವುದಿಲ್ಲ. ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆಯ ತಾಣದಲ್ಲಿ 17 ಅಕ್ಷರದ ವಾಹನ ಸಂಖ್ಯೆ ಹಾಕಿದರೆ ಬಾಕಿ ರೀಕಾಲ್ ತೋರಿಸುತ್ತದೆ. ಆ ಕೆಲಸಕ್ಕೆ ಕಾಸಿಲ್ಲ.

ಕ್ಯಾಲಿಫೋರ್ನಿಯದಲ್ಲಿ ಇನ್ನೊಂದು ರೋಗ ಇದೆ, ಕಾರಿನದಲ್ಲ. ಕಾರಿನ ಅಡಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ನ ಕಳ್ಳತನ. ಹೈಬ್ರಿಡ್‌ನಲ್ಲಿ ಎಂಜಿನ್ ಕಡಿಮೆ ಓಡುವುದರಿಂದ ಅದರೊಳಗಿನ ಬೆಲೆಬಾಳುವ ಲೋಹ ಕಡಿಮೆ ಸವೆದಿರುತ್ತದೆ, ಕಳ್ಳರಿಗೂ ಇದು ಗೊತ್ತು. ಕದ್ದ ಮಾಲು ಕೊಳ್ಳುವವರ ಮೇಲೆ 2023ರ ಜನವರಿಯಿಂದ ಕಾನೂನು ಬಿಗಿಯಾಗಿದೆ. ಆದರೂ ಹಳೇ ಕಾರು ತಾನೇ ಎಂದು ವಿಮೆಯನ್ನು ಬರೀ ಲಯಬಿಲಿಟಿಗೆ, ಅಂದರೆ ಬೇರೆಯವರ ನಷ್ಟಕ್ಕೆ ಮಾತ್ರ, ಇಳಿಸಿದವರು ಯೋಚಿಸಬೇಕು. ಕಳುವಾದರೆ ಪೂರ್ತಿ ಖರ್ಚು ನಿಮ್ಮದು, ಅಲ್ವಾ? ಒಂದು ರಾತ್ರಿ, ಎರಡು ನಿಮಿಷದ ಗರಗಸ, ಚೆನ್ನಾಗಿದ್ದ ಕಾರು ಗುಜರಿ.

ಹಿಮ ಬೀಳುವ ರಾಜ್ಯಗಳಲ್ಲಿ ಇರುವವರು ಇಷ್ಟೆಲ್ಲಾ ಓದುವ ಮೊದಲು ಕಾರಿನ ಅಡಿಗೆ ಟಾರ್ಚ್ ಬಿಡಬೇಕು. ರಸ್ತೆಗೆ ಸುರಿಯುವ ಉಪ್ಪು ತಳವನ್ನು ತಿಂದಿದ್ದರೆ ಬ್ಯಾಟರಿ, ಗ್ಯಾಸ್ಕೆಟ್ ಎರಡರ ಚಿಂತೆಯೂ ಬೇಡ.

ಲೆಕ್ಕ

"ರಿಪೇರಿ ಖರ್ಚು ಕಾರಿನ ಬೆಲೆಗಿಂತ ಜಾಸ್ತಿಯಾದರೆ ಬಿಡು" ಎಂದು ಎಲ್ಲರೂ ಹೇಳುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. 4,500 ಡಾಲರಿಗೆ ಈ ಕಾರು ಮಾರಿದರೆ ಆ ದುಡ್ಡಿಗೆ ಬರುವುದು ಇದೇ ವಯಸ್ಸಿನ, ನನಗೆ ಇತಿಹಾಸ ಗೊತ್ತಿಲ್ಲದ ಇನ್ನೊಂದು ಕಾರು. ಹೋಲಿಸಬೇಕಾದದ್ದು ಮಾರುವ ಬೆಲೆಗಲ್ಲ, ಬದಲಿಗೆ ಬರುವ ಕಾರಿನ ಖರ್ಚಿಗೆ.

ನನ್ನದು ವರ್ಷಕ್ಕೆ 10,000 ಮೈಲಿ ಓಡಾಟ. ಹೊಸದರಲ್ಲಿ ಗ್ಯಾಲನ್ನಿಗೆ 50 ಮೈಲಿ ಎಂದು ಸರ್ಕಾರದ ಅಂಕಿ, ಈಗ ನನಗೆ 45 ಬರುತ್ತಿದೆ. ಗ್ಯಾಲನ್ನಿಗೆ 4.50 ಡಾಲರ್ ಎಂದು ಹಿಡಿದರೆ ವರ್ಷಕ್ಕೆ 1,000 ಡಾಲರ್ ಪೆಟ್ರೋಲ್. 28 ಮೈಲಿ ಕೊಡುವ ಮಾಮೂಲಿ ಕಾರಾದರೆ 1,600. ಹೊಸ ಹೈಬ್ರಿಡ್ 30,000 ಡಾಲರ್ ಆಸುಪಾಸು, ತಿಂಗಳ ಕಂತು 500 ಎಂದರೂ ವರ್ಷಕ್ಕೆ 6,000. ಅದರ ಮೇಲೆ ಪೂರ್ತಿ ವಿಮೆ. ಹಾಗೆ ನೋಡಿದರೆ ಹೊಸ ಬ್ಯಾಟರಿ ಅಂದರೆ ಏಳೆಂಟು ತಿಂಗಳ ಕಂತು. ಬೇರೆಲ್ಲ ಗಟ್ಟಿಯಿದ್ದರೆ ಬ್ಯಾಟರಿ ಒಂದಕ್ಕೆ ಹೆದರಿ ಕಾರು ಬಿಡುವುದು ನನ್ನ ಮಟ್ಟಿಗೆ ತಪ್ಪು.

ಗ್ಯಾಸ್ಕೆಟ್ ಹೋಗಿದ್ದರೆ ನಾನು ಅಷ್ಟು ಧೈರ್ಯವಾಗಿ ಹೇಳುವುದಿಲ್ಲ. ಬ್ಯಾಟರಿಯನ್ನು ಹಿಂದಿನ ವರ್ಷವಷ್ಟೇ ಬದಲಿಸಿದ್ದರೆ, ರೋಗವನ್ನು ಬೇಗ ಹಿಡಿದಿದ್ದರೆ, ಈ ಎಂಜಿನ್ ಬಿಚ್ಚಿ ಅಭ್ಯಾಸವಿರುವ ಮೆಕ್ಯಾನಿಕ್ ಸಿಕ್ಕಿದರೆ ಮಾಡಿಸಿ. ಗ್ಯಾಸ್ಕೆಟ್ಟೂ ಹೋಗಿದೆ, ಬ್ಯಾಟರಿಯೂ ಮೂಲದ್ದೇ ಅಂದರೆ ನಾನು ಬಿಡುತ್ತೇನೆ. ಬ್ರೇಕ್ ಆಕ್ಚುಯೇಟರ್ ಸೇರಿದರಂತೂ ಮಾತೇ ಇಲ್ಲ. ದೊಡ್ಡ ರೋಗ ಒಂದಾದರೆ ಆಸ್ಪತ್ರೆ, ಎರಡಾದರೆ ಬೀಳ್ಕೊಡುಗೆ, ಇದು ನಮ್ಮ ಮನೆಯ ನಿಯಮ. ಹೆಂಡತಿ ಒಂದಕ್ಕೇ ಬೀಳ್ಕೊಡಬೇಕು ಅನ್ನುತ್ತಾಳೆ. ಅದೂ ಲೆಕ್ಕಕ್ಕೆ ಬರುವ ವಿಷಯವೇ. ರಾತ್ರಿ ಹನ್ನೊಂದಕ್ಕೆ ಮಕ್ಕಳ ಜೊತೆ ಹೆದ್ದಾರಿಯಲ್ಲಿ ನಿಲ್ಲುವ ಭಯಕ್ಕೆ ಡಾಲರ್ ಅಂಕಿ ಹಾಕಲಾಗುವುದಿಲ್ಲ. ಆ ಭಯ ಇರುವವರು ಮೊದಲೇ ಬಿಡಲಿ, ತಪ್ಪೇನಿಲ್ಲ. ಬದಲಿಗೆ ಹೈಬ್ರಿಡ್ ಕೊಳ್ಳುವುದಾದರೆ ಒಂದು ಮಾತು. 2020ರ ಮಾಡೆಲ್‌ನಿಂದ ಈಚೆಗೆ ಅಮೆರಿಕದಲ್ಲಿ ಟೊಯೋಟ ಹೈಬ್ರಿಡ್ ಬ್ಯಾಟರಿಗೆ 10 ವರ್ಷ ಅಥವಾ 1,50,000 ಮೈಲಿ ವಾರಂಟಿ ಇದೆ. ಎರಡನೇ ಕೈ ಗಾಡಿಯಲ್ಲೂ ಉಳಿದ ವರ್ಷಗಳು ಹಾಗೇ ಬರುತ್ತವೆ.

ನಾನು ಸದ್ಯಕ್ಕೆ ಇಟ್ಟುಕೊಂಡಿದ್ದೇನೆ. ಫ್ಯಾನ್ ಸ್ವಚ್ಛವಾಯಿತು, ಚಿಕ್ಕ ಬ್ಯಾಟರಿ ಹೊಸದು, ಇಜಿಆರ್ ಕೂಲರ್ ಬಿಚ್ಚಿಸಿ ತೊಳೆಸಿದೆ. ತೊಳೆದ ನೀರು ಇದ್ದಿಲಿನ ಹಾಗಿತ್ತು. ಒತ್ತಡ ಪರೀಕ್ಷೆಯಲ್ಲಿ ರಾತ್ರಿಯಿಡೀ ಮುಳ್ಳು ಅಲ್ಲಾಡಲಿಲ್ಲ, ನಾಲ್ಕೂ ಪಿಸ್ಟನ್ ಒಂದೇ ಕಪ್ಪು. ಎರಡು ಸಲ ಪೆಟ್ರೋಲ್ ಹಾಕಿಸಿದರೆ ಒಂದು ಸಲ ಆಯಿಲ್ ಕಡ್ಡಿ ನೋಡುತ್ತೇನೆ. ತಿಂಗಳಿಗೆ 150 ಡಾಲರ್ ಬೇರೆ ಖಾತೆಗೆ ಹೋಗುತ್ತಿದೆ, ಬ್ಯಾಟರಿಗೆ ಎಂದು. ಕೂಲೆಂಟ್ ಟ್ಯಾಂಕಿನ ಮೇಲೆ ಈಗ ಹನ್ನೊಂದು ದಿನಾಂಕ ಇವೆ, ಗೆರೆ ಒಂದೇ. ಎರಡು ವರ್ಷಕ್ಕೊಮ್ಮೆ ಬರುವ ಸ್ಮಾಗ್ (ಹೊಗೆ) ಪರೀಕ್ಷೆ ಮಾರ್ಚಿನಲ್ಲಿದೆ. ಅದಕ್ಕೆ ಮೊದಲು ಮ್ಯಾನಿಫೋಲ್ಡಿನ ಇಜಿಆರ್ ರಂಧ್ರಗಳನ್ನೂ ಬಿಡಿಸಬೇಕು. ಹೋದ ಸಲ ಅದನ್ನು ಬಿಟ್ಟಿದ್ದೆವು.